ಸಹಾಯ ಬೇಕು: ಗರ್ಭಿಣಿ ತಂಗಿಗೆ ಬಂಗುಡೆಯೋ, ಸೂಳೆಕೆರೆಯ ರೋಹುವೋ?

ನಮಸ್ಕಾರ, ನಾವು ದಾವಣಗೆರೆಯವರು. ತಂಗಿಗೆ ಈಗ ಐದು ತಿಂಗಳು. ಮಗುವಿನ ಮಿದುಳಿನ ಬೆಳವಣಿಗೆಗೆ ಒಮೆಗಾ-3 ಬೇಕು, ವಾರಕ್ಕೆ 2 ಸಲ ಮೀನು ತಿನ್ನಲಿ ಎಂದಿದ್ದಾರೆ ವೈದ್ಯರು. ಶಾರ್ಕ್‌ನಂಥ ದೊಡ್ಡ ಮೀನುಗಳಲ್ಲಿ ಪಾದರಸ ಹೆಚ್ಚೆಂದು ಅವುಗಳ ಗೋಜಿಗೇ ಹೋಗಿಲ್ಲ.

ಬಂಗುಡೆ, ಬೂತಾಯಿಯಲ್ಲಿ ಒಮೆಗಾ-3 ಹೇರಳ. ಆದರೆ ಅವು ಕರಾವಳಿಯಿಂದ ಮಂಜುಗಡ್ಡೆಯಲ್ಲಿ ಬರಬೇಕು. ಹೋದ ಭಾನುವಾರ ತಂದ ಬಂಗುಡೆಯ ಕಣ್ಣು ಗುಳಿಬಿದ್ದಿತ್ತು; ಒತ್ತಿದರೆ ಬೆರಳಿನ ಗುರುತು ಹಾಗೆಯೇ ಉಳಿಯಿತು. ಬಸುರಿಗೆ ಬಡಿಸಲು ಧೈರ್ಯ ಬರಲಿಲ್ಲ, ಎಸೆದೆ. ಸೂಳೆಕೆರೆಯ ರೋಹು, ಕಾಟ್ಲಾ ತಾಜಾ ಸಿಗುತ್ತವೆ, ಕಿವಿರು ಕೆಂಪಗಿರುತ್ತದೆ. ಪ್ರೋಟೀನ್ ಚೆನ್ನಾಗಿದೆ, ಒಮೆಗಾ-3 ಮಾತ್ರ ಬಂಗುಡೆಯಷ್ಟಿಲ್ಲ.

ಕೆರೆಮೀನನ್ನೇ ಕೊಡುತ್ತಾ ಹೋದರೆ ಸಾಕೇ, ವಾರಕ್ಕೊಮ್ಮೆಯಾದರೂ ಬಂಗುಡೆ ಬೇಕೇ? ಬೇಕೆಂದರೆ, ದಾವಣಗೆರೆಗೆ ಹೊಸ ಸಮುದ್ರಮೀನು ಯಾವ ದಿನ ಬರುತ್ತದೆ? ತಿಳಿದವರು ದಯವಿಟ್ಟು ಹೇಳಿ.