ಕೆಸುವಿನ ಎಲೆ ಮೇಲಿನ ಹಸಿರು ನೊಣ: ಯಾವ ಪ್ರಭೇದ?

ತೋಟದ ಮನೆ, ಶಿರಸಿ:
ಮಳೆ ಹಿಡಿದ ಮೇಲೆ ಬಚ್ಚಲ ಹಿಂದಿನ ಕೆಸುವಿನ ಎಲೆಗಳ ಮೇಲೆ ಈ ಫೋಟೋದಲ್ಲಿರುವ ನೊಣ ದಿನಾ ಕಾಣುತ್ತಿದೆ. ಅಕ್ಕಿ ಕಾಳಿಗಿಂತ ಸಣ್ಣದು. ಮೈ ಹೊಳೆಯುವ ಹಸಿರು, ಓರೆಯಾಗಿ ನೋಡಿದರೆ ತಾಮ್ರದ ಬಣ್ಣ. ರೆಕ್ಕೆಯಲ್ಲಿ ಎರಡು ಕಂದು ಪಟ್ಟೆ. ಕಾಲು ಮಾತ್ರ ಸಿಕ್ಕಾಪಟ್ಟೆ ಉದ್ದ. ನಾಲ್ಕು ಹೆಜ್ಜೆ ಓಡಿ ಗಕ್ಕನೆ ನಿಲ್ಲುತ್ತದೆ. ನಿನ್ನೆ ಬಾಯಲ್ಲಿ ಗಿಡಹೇನು ಹಿಡಿದಿತ್ತು. ಮೊಬೈಲ್ ಆ್ಯಪ್ ಕೊಂಡಿಲೊಸ್ಟೈಲಸ್ ಎಂಬ ಕುಲದ್ದು ಅನ್ನುತ್ತಿದೆ. ಹೌದಾ? ಅಡಿಕೆ, ಏಲಕ್ಕಿಗೆ ತೊಂದರೆ ಇಲ್ಲ ಅಲ್ವಾ?

ಕಾಳಿ ದಂಡೆ, ಕಾರವಾರ:
ತೊಂದರೆ ಖಂಡಿತ ಇಲ್ಲ ಅಣ್ಣ. ಇದು ಬೇಟೆಗಾರ ನೊಣ. ಗಿಡಹೇನು, ಥ್ರಿಪ್ಸ್‌ನಂಥ ಮೆತ್ತನೆ ಮೈಯ ಹುಳುಗಳೇ ಇದರ ಊಟ. ಮರಿಗಳೂ ಹೆಚ್ಚಾಗಿ ಒದ್ದೆ ಮಣ್ಣಲ್ಲಿ, ಕೊಳೆತ ಎಲೆಯಡಿ ಬೇಟೆಯಾಡಿಯೇ ಬೆಳೆಯುತ್ತವೆ. ಕೀಟನಾಶಕ ಹೊಡೆದರೆ ಮೊದಲು ಹೋಗುವುದು ಇಂಥವೇ, ದಯವಿಟ್ಟು ಆ ಕೆಸುವಿನ ಕಡೆ ಹೊಡೆಯಬೇಡಿ.

ಕುಟುಂಬ ಡೋಲಿಕೊಪೋಡಿಡೇ, ಅಂದರೆ ಉದ್ದಗಾಲಿನ ನೊಣಗಳು. ಜಗತ್ತಿನಲ್ಲಿ 7000ಕ್ಕೂ ಜಾಸ್ತಿ ಪ್ರಭೇದಗಳಿಗೆ ಹೆಸರಿದೆ. ನಿಮ್ಮ ಫೋಟೋದಲ್ಲಿ ರೆಕ್ಕೆಯ ನಡುವಿನ ನರ ಕವಲೊಡೆದು, ಒಂದು ಕವಲು ಮುಂದಕ್ಕೆ ಬಾಗಿದೆ. ಹಾಗಾಗಿ ಉಪಕುಟುಂಬ ಸಯಾಪೋಡಿನೇ. ಇಲ್ಲಿವರೆಗೆ ಅನುಮಾನ ಇಲ್ಲ.

ಕುಲದ ವಿಷಯದಲ್ಲಿ ಆ್ಯಪನ್ನು ನಂಬಬೇಡಿ. ಹಸಿರು ಮೈ, ಪಟ್ಟೆ ರೆಕ್ಕೆ ಬೇರೆ ಕುಲಗಳಲ್ಲೂ ಇವೆ. ಕೊಂಡಿಲೊಸ್ಟೈಲಸ್ ಪ್ರಭೇದಗಳು ಹೆಚ್ಚಾಗಿ ಅಮೆರಿಕ ಖಂಡಗಳವು. ನಮ್ಮ ಕಡೆ ಮೊದಲು ಕ್ರೈಸೋಸೋಮಾ ಎಂಬ ಇನ್ನೊಂದು ಕುಲ ಹೌದೋ ಅಲ್ಲವೋ ನೋಡಬೇಕು. ಲೆನ್ಸ್ ಹಿಡಿದು ಮೀಸೆ ನೋಡಿ. ಅದರಲ್ಲಿ ಅರಿಸ್ಟಾ ಎಂಬ ಸಣ್ಣ ಕೂದಲು ಇರುತ್ತದೆ. ಅದು ಮೀಸೆಯ ಕೊನೇ ಗಂಟಿನ ತುದಿಯಿಂದಲೇ ಹೊರಟಿದ್ದರೆ ಕ್ರೈಸೋಸೋಮಾ ಕಡೆಗೆ. ಆ ಗಂಟಿನ ಬೆನ್ನಿನಿಂದ ಹೊರಟಿದ್ದರೆ ಕೊಂಡಿಲೊಸ್ಟೈಲಸ್ ಆಗಬಹುದು, ಬೇರೆಯೂ ಆಗಬಹುದು.

ಹಿನ್ನೀರು, ಕುಮಟಾ:
ಪ್ರಭೇದ ಗುರುತಿಸಲು ನೊಣವನ್ನು ಹಿಡಿದು ಕೊಲ್ಲುತ್ತಾರಲ್ಲ, ಒಳ್ಳೆ ಕ್ಲೋಸಪ್ ಇದ್ದರೆ ಹೆಸರು ಸಿಗುವುದಿಲ್ಲವಾ? ಸುಮ್ನೆ ಒಂದು ಜೀವ ಯಾಕೆ ತೆಗೆಯಬೇಕು?

ಕಾಳಿ ದಂಡೆ, ಕಾರವಾರ:
ನಿಮ್ಮ ಸಂಕಟ ನನಗೂ ಇದೆ. ಆದರೆ ಈ ಗುಂಪಿನಲ್ಲಿ ಗುರುತು ಇರುವುದು ಗಂಡಿನ ಮೈಯಲ್ಲಿ. ಹೊಟ್ಟೆಯ ತುದಿಯಲ್ಲಿ ಅದರ ಜನನಾಂಗ ಮುಂದಕ್ಕೆ ಮಡಚಿಕೊಂಡಿರುತ್ತದೆ. ಸೂಕ್ಷ್ಮದರ್ಶಕದಡಿ ಅದನ್ನು ಬಿಡಿಸಿ, ಕಾಲಿನ ಕೂದಲಿನ ಜೊತೆ ಹೋಲಿಸಿದರೇ ಪ್ರಭೇದ ತಿಳಿಯುವುದು. ಎಷ್ಟೋ ಕಡೆ ಹೆಣ್ಣು ಮಾತ್ರ ಸಿಕ್ಕರೆ ತಜ್ಞರೂ ಕುಲದ ಹೆಸರಿಗೇ ನಿಲ್ಲಿಸುತ್ತಾರೆ. ಬಣ್ಣ ಬೆಳಕಿನ ಆಟ, ಅದರ ಮೇಲೆ ಹೆಸರಿಡಲು ಬರುವುದಿಲ್ಲ.

ನಿಮ್ಮ ಅಘನಾಶಿನಿ ನದಿ ದಂಡೆಯ ಕಾಂಡ್ಲಾ (ಮ್ಯಾಂಗ್ರೋವ್) ಕೆಸರನ್ನೂ ಇಳಿತದ ಹೊತ್ತಿಗೆ ಒಮ್ಮೆ ನೋಡಿ. ಈ ಕುಟುಂಬದ ಥಿನೋಫಿಲಸ್ ಕುಲದ ನೊಣಗಳಿಗೆ ಅಂಥ ಉಪ್ಪುಕೆಸರೇ ಮನೆ. ಸಿಂಗಪುರದ ಕಾಂಡ್ಲಾದಲ್ಲಿ ಬೆಲ್ಜಿಯಂನ ನೊಣತಜ್ಞ ಪ್ಯಾಟ್ರಿಕ್ ಗ್ರೂಟಾರ್ಟ್ ಮತ್ತು ಜೊತೆಗಾರರು ಹೊಸ ಪ್ರಭೇದಗಳನ್ನೇ ಹೆಸರಿಸಿದ್ದಾರೆ. ನಮ್ಮ ಕರಾವಳಿಯಲ್ಲೂ ಯಾರಾದರೂ ಹಾಗೆ ಕೂತು ಹುಡುಕಬೇಕು ಎನ್ನುವುದು ನನ್ನ ಬಹುದಿನದ ಆಸೆ.

ತೋಟದ ಮನೆ, ಶಿರಸಿ:
ಲೆನ್ಸ್‌ನಲ್ಲಿ ನೋಡಿದೆ. ಕೂದಲು ತುದಿಯಿಂದಲೇ ಹೊರಟಿದೆ, ಮೈಯ ಅರ್ಧದಷ್ಟು ಉದ್ದವಿದೆ. ಹೊಟ್ಟೆಯ ತುದಿ ಕೆಳಗೆ ಮಡಚಿದೆ, ಗಂಡೇ ಇರಬೇಕು. ಒಂದನ್ನು ಹಿಡಿದು ಕಳಿಸಲಾ?

ಕಾಳಿ ದಂಡೆ, ಕಾರವಾರ:
ಭಾರೀ ಚಲೋ ಆಯ್ತು! ಹಾಗಾದರೆ ಕ್ರೈಸೋಸೋಮಾ ಆಗುವ ಸಾಧ್ಯತೆಯೇ ಜಾಸ್ತಿ. ಒಂದೇ ಗಂಡು ಸಾಕು. 70–80 ಶೇಕಡಾ ಆಲ್ಕೋಹಾಲ್ ಇರುವ ಸಣ್ಣ ಬಾಟಲಿಗೆ ಹಾಕಿ. ಊರು, ತಾರೀಕು, ಯಾವ ಗಿಡದ ಮೇಲೆ ಸಿಕ್ಕಿತು ಎಂದು ಚೀಟಿಯಲ್ಲಿ ಬರೆದು ಒಳಗೇ ಇಡಿ. ಪೆನ್ಸಿಲ್‌ನಲ್ಲೇ ಬರೆಯಿರಿ, ಪೆನ್ನಿನ ಶಾಯಿ ಕರಗಿಹೋಗುತ್ತದೆ. ಚೀಟಿ ಇಲ್ಲದ ನೊಣದಿಂದ ಯಾರಿಗೂ ಉಪಯೋಗ ಇಲ್ಲ.