ಕಂಕುಳಲ್ಲಿ ಮತ್ತೆ ಗಂಟು, ಕೈ ಎತ್ತೋಕೂ ಆಗುತ್ತಿಲ್ಲ

ಪ್ರಶ್ನೆ:
ನನಗೆ 27 ವರ್ಷ. ಬಲಗಡೆ ಕಂಕುಳಲ್ಲಿ ಗೋಲಿಯಷ್ಟು ದಪ್ಪ ಗಂಟು ಎದ್ದಿದೆ. ಪಕ್ಕದಲ್ಲೇ ಇನ್ನೊಂದು ಚಿಕ್ಕದು. ತಲೆ ಬಾಚಲು ಕೈ ಎತ್ತಿದರೆ ಪ್ರಾಣ ಹೋಗುವಷ್ಟು ನೋವು. ರಾತ್ರಿ ತೋಳಿನ ಕೆಳಗೆ ದಿಂಬು ಇಟ್ಟುಕೊಂಡು ಮಲಗುತ್ತೇನೆ. ನಾಲ್ಕು ದಿನದ ಹಿಂದೆ ರೇಜರ್ ಹಾಕಿದ್ದೆ. ಈ ವರ್ಷ ಇದು ಮೂರನೇ ಸಲ. ಹಿಂದಿನ ಎರಡೂ ತಾವಾಗಿ ಹಣ್ಣಾಗಿ ಒಡೆದು ಕೀವು ಹೋಗಿತ್ತು. ಕ್ಯಾನ್ಸರ್ ಇರಬಹುದಾ ಅಂತ ಭಯ. ಸರಿಯಾಗಿ ಸ್ನಾನ ಮಾಡಲ್ವಾ ಅಂತ ಕೇಳಿದರೆ ಅನ್ನೋ ನಾಚಿಕೆ ಬೇರೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಉತ್ತರ 1:
ಮೊದಲು ಆ ಕಡೆಯ ಕೈ ನೋಡಿಕೊಳ್ಳಿ. ಎಲ್ಲಾದರೂ ಗಾಯ ಇದೆಯಾ? ನನಗೆ ಹೆಬ್ಬೆರಳಿನ ಉಗುರು ಪಕ್ಕ ಕೀವಾಗಿತ್ತು, ಅದಕ್ಕೆ ಕಂಕುಳ ಲಿಂಫ್ ಗ್ರಂಥಿ (ಸೋಂಕಿನ ವಿರುದ್ಧ ಹೋರಾಡುವ ಸಣ್ಣ ಗ್ರಂಥಿ) ಊದಿಕೊಂಡಿತ್ತು. ಬೆರಳು ವಾಸಿಯಾದ ಮೇಲೆ ಗಂಟೂ ಇಳಿಯಿತು. ತೋಳಿಗೆ ಲಸಿಕೆ ಹಾಕಿಸಿಕೊಂಡಾಗ, ಬೆಕ್ಕು ಪರಚಿದಾಗಲೂ ಹೀಗಾಗುತ್ತದೆ.

ಉತ್ತರ 2:
ತಂಗಿ, ಮೂರನೇ ಸಲ ಅಂದಿರಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಒಂದು ಸಲ ಬಂದು ಹೋದರೆ ಅದು ಹೆಚ್ಚಾಗಿ ಕೂದಲ ಬುಡಕ್ಕೆ ಸೋಂಕು ತಗುಲಿ ಎದ್ದ ಕುರು. ರೇಜರ್ ಗೀರಿದ ಜಾಗದಿಂದ ಬ್ಯಾಕ್ಟೀರಿಯಾ ಒಳಗೆ ಹೋಗುತ್ತದೆ. ಅಲ್ಲೇ ಮತ್ತೆ ಮತ್ತೆ ಬಂದರೆ ಬೇರೆ ಕಾಯಿಲೆ ಇರಬಹುದು. ಅದರ ಹೆಸರು ಹೈಡ್ರಾಡೆನೈಟಿಸ್ ಸಪ್ಯುರೇಟಿವಾ. ಕೂದಲು ಹುಟ್ಟುವ ರಂಧ್ರ ಮುಚ್ಚಿಕೊಂಡು ಒಳಗೇ ಊದಿ ಒಡೆಯುತ್ತದೆ. ಕಂಕುಳು, ತೊಡೆ ಸಂದು, ಸ್ತನದ ಕೆಳಗೆ ಜಾಸ್ತಿ. ಅಂಟುರೋಗ ಅಲ್ಲ. ಕೊಳಕಿನಿಂದ ಬರುವುದೂ ಅಲ್ಲ.

ಇದನ್ನು ತಿಳಿಯೋಕೆ ನನಗೆ ಏಳು ವರ್ಷ ಬೇಕಾಯಿತು. ಕೊಳಕಿನಿಂದ ಅಂದುಕೊಂಡು ಒರಟು ನಾರಿನಲ್ಲಿ ಉಜ್ಜಿ ಉಜ್ಜಿ ಚರ್ಮ ಕಿತ್ತುಕೊಂಡೆ. ಕೀವಿನ ಕಲೆ ಕಾಣುತ್ತದೆ ಅಂತ ತಿಳಿ ಬಣ್ಣದ ಬಟ್ಟೆ ಹಾಕುವುದನ್ನೇ ಬಿಟ್ಟಿದ್ದೆ. ಪ್ರತಿ ಸಲ ಬೇರೆ ಡಾಕ್ಟರ್, ಐದು ದಿನದ ಮಾತ್ರೆ. ಹಿಂದೆಯೂ ಬಂದಿತ್ತು ಅಂತ ನಾನು ಹೇಳಲೇ ಇಲ್ಲ. ಕೊನೆಗೆ ಒಬ್ಬ ಚರ್ಮದ ಡಾಕ್ಟರ್, "ತೊಡೆ ಸಂದಿಯಲ್ಲೂ ಬರುತ್ತಾ?" ಅಂತ ಕೇಳಿದರು. ಅಲ್ಲೇ ಅತ್ತುಬಿಟ್ಟೆ. ಅಷ್ಟು ಹೊತ್ತಿಗೆ ಎರಡು ಗಂಟುಗಳ ಮಧ್ಯೆ ಚರ್ಮದ ಕೆಳಗೆ ಸುರಂಗದ ಹಾಗೆ ದಾರಿಯಾಗಿತ್ತು. ಮೊದಲೇ ಹೋಗಿದ್ದರೆ ಅಷ್ಟು ದೂರ ಹೋಗುತ್ತಿರಲಿಲ್ಲವೇನೋ.

ಈಗ ಹಿಂಡಬೇಡಿ, ಸೂಜಿ ಚುಚ್ಚಬೇಡಿ. ಶುಚಿಯಾದ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಚರ್ಮ ಸುಡದಷ್ಟು ಬಿಸಿ ಇರುವಾಗ 10 ನಿಮಿಷ ಇಡಿ. ದಿನಕ್ಕೆ ಮೂರು ನಾಲ್ಕು ಸಲ. ರೇಜರ್, ಡಿಯೋಡರೆಂಟ್ ಎರಡೂ ಬಿಡಿ. ಸಡಿಲ ಹತ್ತಿ ಬಟ್ಟೆ ಹಾಕಿ. ಕೀವು ಬಂದರೆ ಟವೆಲ್ ಬೇರೆ ಇಟ್ಟುಕೊಳ್ಳಿ, ಕೈ ತೊಳೆಯಿರಿ. ಜ್ವರ ಬಂದರೆ ಅಥವಾ ಕೆಂಪು ಸುತ್ತಲೂ ಹರಡಿದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆ ಇದ್ದರೂ ಕುರು ಪದೇ ಪದೇ ಏಳುತ್ತದೆ, ರಕ್ತ ಪರೀಕ್ಷೆ ಕೇಳಿ.

ಕ್ಯಾನ್ಸರ್ ಗಂಟು ಸಾಮಾನ್ಯವಾಗಿ ಗಟ್ಟಿಯಾಗಿ, ನೋವಿಲ್ಲದೆ, ಸರಿಸಿದರೂ ಅಲ್ಲಾಡದೆ ಇರುತ್ತದೆ. ಹಾಗಂತ ನೋವಿದೆಯಲ್ಲ ಅಂತ ಸುಮ್ನೆ ಕೂರಬೇಡಿ. ಎರಡು ವಾರವಾದರೂ ಇಳಿಯದ ಯಾವ ಗಂಟನ್ನಾದರೂ ತೋರಿಸಲೇಬೇಕು. ನೀವಂತೂ ಎರಡು ವಾರ ಕಾಯುವುದೂ ಬೇಡ. ಯಾವಾಗ ಬಂತು, ಎಲ್ಲಿ ಬಂತು, ಎಲ್ಲಾ ಬರೆದುಕೊಂಡು ಹೋಗಿ. ಒಡೆದು ಹೋಗಿದ್ದನ್ನೂ ಹೇಳಿ.

ಪ್ರಶ್ನೆ ಕೇಳಿದವರು:
ಅಕ್ಕ, ಓದಿದ ಕೂಡಲೇ ನೋಡಿಕೊಂಡೆ. ಕೈಯಲ್ಲಿ ಗಾಯ ಇಲ್ಲ. ತೊಡೆ ಸಂದಿಯಲ್ಲಿ ಎರಡು ಹಳೇ ಕಲೆ ಇವೆ. ಬಟ್ಟೆ ಉಜ್ಜಿ ಆಗಿದ್ದು ಅಂದುಕೊಂಡಿದ್ದೆ. ಅಮ್ಮನಿಗೆ ಹೇಳಿದೆ, ಬಿಸಿ ಬಟ್ಟೆ ಅವರೇ ಇಡುತ್ತಿದ್ದಾರೆ. ನಾಳೆ ಬೆಳಿಗ್ಗೆ ಚರ್ಮದ ಡಾಕ್ಟರ್ ಹತ್ತಿರ ಹೋಗುತ್ತೇವೆ.