ಅಪ್‌ಡೇಟ್: ಗೇರ್‌ಬಾಕ್ಸ್ ಆಯಿಲ್ ಮೈನಸ್ 40 ಡಿಗ್ರಿ ತೋರಿಸುತ್ತಿದ್ದ ಕಾರು

ನನ್ನ ಹಳೇ ಆಟೋಮ್ಯಾಟಿಕ್ ಕಾರು ಗೇರ್ ತಡವಾಗಿ ಬದಲಿಸುತ್ತಿದೆ, ಸ್ಕ್ಯಾನರ್‌ನಲ್ಲಿ ಪಿ0713 ಕೋಡ್ (ಗೇರ್ ಆಯಿಲ್ ಟೆಂಪರೇಚರ್ ಸೆನ್ಸರ್ ಸರ್ಕ್ಯೂಟ್ ದೋಷ) ಬರುತ್ತಿದೆ, ಗೇರ್‌ಬಾಕ್ಸೇ ಹೋಯ್ತಾ ಅಂತ ಕೇಳಿದ್ದೆ ಅಲ್ವಾ? ಹೋಗಿಲ್ಲ. ಆ ಟೆಂಪರೇಚರ್ ಸೆನ್ಸರ್ ಸತ್ತಿತ್ತು, ಅಷ್ಟೇ.

ಒಂದು ಗ್ಯಾರೇಜಿನವರು ನೋಡಿದ ಕೂಡಲೇ ಇಡೀ ಗೇರ್‌ಬಾಕ್ಸ್ ಇಳಿಸಬೇಕು ಅಂದಿದ್ದರು. ಸುಮ್ನೆ ಬಂದೆ. ಆಮೇಲೆ ಬೆಳಗಾವಿಯ ಉದ್ಯಮಬಾಗ ಕಡೆಯ ಮಿಸ್ತ್ರಿ ಕಾಕಾ ಸಿಕ್ಕರು. ಗಾಡಿ ರಾತ್ರಿಯೇ ಬಿಟ್ಟು ಹೋಗಲು ಹೇಳಿ, ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಸ್ಕ್ಯಾನರ್ ಹಾಕಿದರು. ಕೂಲಂಟ್ (ಎಂಜಿನ್ ತಂಪು ಮಾಡುವ ದ್ರವ) 21 ಡಿಗ್ರಿ, ಗೇರ್ ಆಯಿಲ್ ಮೈನಸ್ 40! ಬೆಳಗಾವಿ ಚಳಿ ಜೋರೇ ಬಿಡಿ, ಆದರೆ ಅಷ್ಟಲ್ಲ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ ಇರಬೇಕು.

ಈ ಸೆನ್ಸರ್ ಒಂದು ಥರ್ಮಿಸ್ಟರ್, ಅಂದರೆ ಬಿಸಿಗೆ ತಕ್ಕಂತೆ ರೆಸಿಸ್ಟೆನ್ಸ್ (ಕರೆಂಟಿಗೆ ಅಡ್ಡಿ) ಬದಲಾಗುವ ಭಾಗ. ಬಿಸಿಯಾದಷ್ಟೂ ರೆಸಿಸ್ಟೆನ್ಸ್ ಇಳಿಯುತ್ತದೆ. ಒಳಗೆ ಕಡಿದುಹೋದರೆ ರೆಸಿಸ್ಟೆನ್ಸ್ ತೀರಾ ಹೆಚ್ಚು, ಕಾರಿನ ಕಂಪ್ಯೂಟರ್ ಅದನ್ನು ಕಡುಚಳಿ ಅಂತಲೇ ಓದುತ್ತದೆ. ಆಯಿಲ್ ತಣ್ಣಗಿದೆ ಅಂದುಕೊಂಡೇ ಗೇರ್ ತಡವಾಗಿ ಬದಲಿಸುತ್ತಿತ್ತು.

ಕಾಕಾ ವೈರಿಂಗ್ ಡಯಾಗ್ರಾಂ ನೋಡಿ ಸೆನ್ಸರ್‌ನ ಎರಡು ಪಿನ್ ಗುರುತಿಸಿದರು. ಕನೆಕ್ಟರ್ ಬಿಚ್ಚಿ, ವೈರಿಂಗ್ ಕಡೆ ಆ ಎರಡನ್ನೂ ತುಂಡು ವೈರಿನಿಂದ ಸೇರಿಸಿದರು. ರೀಡಿಂಗ್ ತಟ್ಟನೆ ಮೇಲಿನ ತುದಿಗೆ ಹಾರಿತು. ಅಂದರೆ ಅಲ್ಲಿಂದ ಕಂಪ್ಯೂಟರ್‌ವರೆಗೆ ಎಲ್ಲ ಸರಿ. ಗೇರ್‌ಬಾಕ್ಸ್ ಕಡೆ ಮೀಟರ್ ಇಟ್ಟರೆ ಪೂರ್ತಿ ಓಪನ್, ಅಂದರೆ ಒಳಗೆ ಕಡಿದುಹೋಗಿತ್ತು.

“ನೋಡ್ರಿ ಸರ, ಗೇರ್‌ಬಾಕ್ಸ್ ಗಟ್ಟಿ ಐತಿ” ಅಂದರು.

ನನ್ನ ಗಾಡಿಯಲ್ಲಿ ಸೆನ್ಸರ್ ಒಳಗಿನ ವೈರಿಂಗ್ ಜೊತೆಗೇ ಬರುತ್ತದೆ. ಆಯಿಲ್ ಪ್ಯಾನ್ ಇಳಿಸಿ ಅದನ್ನು ಬದಲಿಸಿದರು. ಹೇಗೂ ಬಿಚ್ಚಿದ್ದಾಗಿತ್ತು, ಫಿಲ್ಟರ್, ಪ್ಯಾಕಿಂಗ್ ಕೂಡ ಹೊಸದು. ಕಂಪನಿ ಹೇಳಿದ ಗ್ರೇಡಿನ ಆಯಿಲ್ಲೇ ಹಾಕಿಸಿದೆ, ಇದರಲ್ಲಿ ಉಳಿತಾಯ ಬೇಡ. ಚೋರ್ಲಾ ಘಾಟ್ ಹತ್ತಿಸಿ ನೋಡಿದೆ. ಗೇರ್ ಸಲೀಸು, ಕೋಡ್ ಮತ್ತೆ ಬಂದಿಲ್ಲ.